ಕಾರಿನೊಳಗಿನ ಕಾಣದ ಕಾವಲುಗಾರರು

ಪರಸ್ಥಳದಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಊರಿಗೆ ಹೋಗುವುದೆಂದರೆ ಅದೊಂದು ಹಬ್ಬವೇ ಸರಿ. ಹಿಂದೆ ಆ ಹಬ್ಬವು ರೈಲ್ವೆ ಸ್ಟೇಶನ್ನಿನ ಟಿಕೆಟ್ ಕಿಟಕಿಯ ಮುಂದಿನ ಸಾಲಿನಲ್ಲಿ ಆರಂಭವಾಗುತ್ತಿತ್ತು. ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜ, ಬುತ್ತಿಯ ಗಂಟು ಇವುಗಳೊಡನೆ ಪ್ರಯಾಣ ಸಾಗುತ್ತಿತ್ತು. ಇಂದು ಕಾಲ ಬದಲಾಗಿದೆ. ಪುಣೆಯಲ್ಲಿ ನಸುಕಿನಲ್ಲಿ ಕಾರು ಹೊರಡಿಸಿದರೆ ಮಧ್ಯಾಹ್ನದ ಊಟಕ್ಕೆ ಧಾರವಾಡವನ್ನು ಮುಟ್ಟಬಹುದು. ಹೊರಡುವ ಮುನ್ನ ಮನೆಯವರೆಲ್ಲರ ಆರೋಗ್ಯದ ಚಿಂತೆಯನ್ನೂ ನಾವು ಮಾಡುತ್ತೇವೆ. ಅಜ್ಜನ ರಕ್ತದೊತ್ತಡದ ಗುಳಿಗೆ, ಅಜ್ಜಿಯ ಮಧುಮೇಹದ ಗುಳಿಗೆ, ಮಕ್ಕಳಿಗೆ ಹೊಟ್ಟೆ ತೊಳಸದಿರಲೆಂದು ನಿಂಬೆಹಣ್ಣು, ಕುದಿಸಿ ಆರಿಸಿದ ನೀರು ಎಲ್ಲವೂ ಚೀಲ ಸೇರುತ್ತವೆ. ಆದರೆ ಆ ಏಳೆಂಟು ತಾಸುಗಳ ಕಾಲ ನಮ್ಮೆಲ್ಲರ ಪ್ರಾಣವನ್ನು ತನ್ನೊಳಗೆ ಇಟ್ಟುಕೊಳ್ಳುವ ಕಾರಿನ ಬಗ್ಗೆ ನಮಗೆ ತಿಳಿದಿರುವುದು ಬಹಳ ಕಡಿಮೆ.

ಆರೋಗ್ಯ ವಿಭಾಗದಲ್ಲಿ ಕಾರಿನ ಮಾತೇಕೆ ಎಂದು ವಾಚಕರು ಕೇಳಬಹುದು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿದವು. 1,68,491 ಜನ ಅಸು ನೀಗಿದರು. ಒಂದು ಸಾಂಕ್ರಾಮಿಕ ರೋಗವು ವರ್ಷಕ್ಕೆ ಇಷ್ಟು ಜನರನ್ನು ಬಲಿ ತೆಗೆದುಕೊಂಡಿದ್ದರೆ ನಾವು ಊರೂರಲ್ಲಿ ಲಸಿಕೆಯ ಶಿಬಿರಗಳನ್ನು ನಡೆಸುತ್ತಿದ್ದೆವು. ಈ ರೋಗಕ್ಕೂ ಒಂದು ಬಗೆಯ ಲಸಿಕೆಗಳಿವೆ. ಅವು ನಮ್ಮ ಕಾರಿನಲ್ಲಿ ಕೊಂಡ ದಿನದಿಂದಲೇ ಅಡಗಿ ಕುಳಿತಿವೆ. ಅವುಗಳನ್ನು ಗುರುತಿಸುವುದಷ್ಟೇ ನಮ್ಮ ಕೆಲಸ.

ಗುರುತಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ವಾಹನಗಳ ಬಿಡಿಭಾಗಗಳ ವಿನ್ಯಾಸದಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಎಂಜಿನಿಯರ್ ನಾನು. ಕೆಲವು ವರ್ಷಗಳ ಹಿಂದೆ ಹೊಸ ಕಾರಿನ ಆಸನಗಳು ಕೊಳೆಯಾಗಬಾರದೆಂದು ಒಳ್ಳೆಯ ದಪ್ಪನೆಯ ಸೀಟ್ ಕವರ್ ಹಾಕಿಸಿದೆ. ಹಿಂದಿನ ಆಸನದ ಬೆಲ್ಟಿನ ಕೊಂಡಿಗಳು ಆ ಕವರಿನ ಅಡಿಗೆ ಹೋದವು. ಅದು ನನ್ನ ಕಣ್ಣಿಗೆ ಬಿದ್ದಿತ್ತಾದರೂ ಮನಸ್ಸಿಗೆ ಬೀಳಲಿಲ್ಲ. ಆ ವರ್ಷ ಅಕ್ಕನನ್ನು ಊರಿಗೆ ಕರೆದೊಯ್ಯುವಾಗ ಬೆಲ್ಟಿನ ಮಾತು ಬಂತು. ಅಕ್ಕ ನಕ್ಕು, “ಹಿಂದ ಕೂತಾವರಿಗೆ ಯಾಕೋ ತಮ್ಮಾ ಪಟ್ಟಿ? ನಾ ಏನ ವಿಮಾನದಾಗ ಹೊಂಟೇನೇನು?” ಎಂದಳು. ಕವರಿನ ಅಡಿಯಲ್ಲಿ ಕೈಹಾಕಿ ಕೊಂಡಿಯನ್ನು ಹುಡುಕುವ ತಾಳ್ಮೆ ನನಗೂ ಇರಲಿಲ್ಲ. ದಾರಿಯಲ್ಲಿ ಮುಂದಿದ್ದ ಲಾರಿ ಹಠಾತ್ತನೆ ನಿಂತಿತು. ನಾನು ಬ್ರೇಕ್ ಒತ್ತಿದರೂ ನಮ್ಮ ಕಾರು ಲಾರಿಯ ಹಿಂಭಾಗಕ್ಕೆ ತಾಗಿಯೇ ನಿಂತಿತು. ಬಂಪರು ಮುರಿಯಿತು, ಅಷ್ಟೆ. ಬೆಲ್ಟ್ ಕಟ್ಟಿಕೊಂಡಿದ್ದ ನನಗೂ ಪಕ್ಕದಲ್ಲಿದ್ದ ಮಗನಿಗೂ ಒಂದು ಗೀರು ಕೂಡ ಬೀಳಲಿಲ್ಲ. ಅಕ್ಕ ಮಾತ್ರ ಮುಂದಿನ ಆಸನಕ್ಕೆ ಅಪ್ಪಳಿಸಿದ್ದಳು. ಹುಬ್ಬು ಸೀಳಿ ಹೊಲಿಗೆ ಬಿದ್ದವು. ಆಸರೆಗೆಂದು ಮುಂದೆ ಚಾಚಿದ ಬಲಗೈಯ ಮಣಿಕಟ್ಟು ಮುರಿಯಿತು. ಆ ಕೈಯಲ್ಲಿ ಆಕೆ ಇಂದಿಗೂ ತುಂಬಿದ ಕೊಡವನ್ನು ಎತ್ತಲಾರಳು. ಈ ಲೇಖನವನ್ನು ಬರೆಯಲು ಅದೇ ಕಾರಣ.

ವೇಗವೆಂಬ ಎತ್ತರ

ವೇಗವು ನಮ್ಮ ಕಣ್ಣಿಗೆ ಅಪಾಯವಾಗಿ ತೋರುವುದಿಲ್ಲ, ಎತ್ತರ ತೋರುತ್ತದೆ. ಮೂರನೆಯ ಮಹಡಿಯ ಅಂಚಿನಲ್ಲಿ ನಿಂತರೆ ಕಾಲು ನಡುಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕುಳಿತಾಗ ನಿದ್ದೆ ಬರುತ್ತದೆ. ಆದರೆ ಲೆಕ್ಕದ ಪ್ರಕಾರ ಇವೆರಡೂ ಒಂದೇ. ಆ ವೇಗದಲ್ಲಿ ಗೋಡೆಗೆ ಢಿಕ್ಕಿ ಹೊಡೆಯುವುದು ಸುಮಾರು 10 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದಕ್ಕೆ ಸಮ. ವೇಗ ಎರಡು ಪಟ್ಟಾದರೆ ಈ ಎತ್ತರ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವವನು ಸುಮಾರು ಹದಿಮೂರು ಮಹಡಿಗಳ ಕಟ್ಟಡದ ಮೇಲೆ ಕುಳಿತಿದ್ದಾನೆ ಎಂದೇ ತಿಳಿಯಬೇಕು.

ಅಪಘಾತದಲ್ಲಿ ಒಂದು ಢಿಕ್ಕಿಯಲ್ಲ, ಮೂರು ಢಿಕ್ಕಿಗಳು ಸಂಭವಿಸುತ್ತವೆ. ಮೊದಲನೆಯದು ಕಾರು ಅಡ್ಡಬಂದ ವಸ್ತುವಿಗೆ ಬಡಿಯುವುದು. ಎರಡನೆಯದು ಒಳಗೆ ಕುಳಿತವನ ಶರೀರ ಕಾರಿನ ಒಳಭಾಗಕ್ಕೆ ಬಡಿಯುವುದು. ಏಕೆಂದರೆ ಕಾರು ನಿಂತರೂ ಶರೀರ ಹಳೆಯ ವೇಗದಲ್ಲಿಯೇ ಮುಂದೆ ಸಾಗುತ್ತಿರುತ್ತದೆ. ಮೂರನೆಯದು ಶರೀರದೊಳಗಿನ ಅಂಗಾಂಗಗಳು ಶರೀರದ ಗೋಡೆಗೇ ಬಡಿಯುವುದು. ಮೆದುಳು ತಲೆಬುರುಡೆಗೆ ಬಡಿಯುತ್ತದೆ. ಹೃದಯದಿಂದ ಹೊರಡುವ ಮಹಾಧಮನಿ ಎಳೆತಕ್ಕೆ ಸಿಕ್ಕಿ ಹರಿಯಬಹುದು. ಯಕೃತ್ತು, ಗುಲ್ಮಗಳು ಸೀಳಬಹುದು. ಹೊರಗೆ ಗಾಯವೇ ಕಾಣದ ಮನುಷ್ಯ ಒಂದೆರಡು ತಾಸುಗಳಲ್ಲಿ ಕೊನೆಯುಸಿರೆಳೆಯುವುದು ಈ ಮೂರನೆಯ ಢಿಕ್ಕಿಯಿಂದ.

ಹಾಗಾದರೆ ಉಪಾಯವೇನು? ಮೇಲಿನಿಂದ ಎಸೆದ ಮೊಟ್ಟೆಯನ್ನು ಗಟ್ಟಿಯಾಗಿ ಹಿಡಿದ ಅಂಗೈಯಲ್ಲಿ ಹಿಡಿದರೆ ಒಡೆಯುತ್ತದೆ. ಕೈಯನ್ನು ಅದರೊಡನೆಯೇ ಕೆಳಗೆ ಇಳಿಸುತ್ತ ಹಿಡಿದರೆ ಉಳಿಯುತ್ತದೆ. ನಿಲ್ಲುವ ದೂರವನ್ನೂ ಕಾಲವನ್ನೂ ತುಸು ಹೆಚ್ಚಿಸಿದರೆ ಪೆಟ್ಟು ಎಷ್ಟೋ ಪಟ್ಟು ಕಡಿಮೆಯಾಗುತ್ತದೆ. ಕಾರಿನೊಳಗೆ ಅಡಗಿರುವ ಕಾವಲುಗಾರರಲ್ಲಿ ಹೆಚ್ಚಿನವರು ಮಾಡುವುದು ಈ ಮೊಟ್ಟೆ ಹಿಡಿಯುವ ಕೆಲಸವನ್ನೇ.

ತಾನು ಮುರಿದು ನಮ್ಮನ್ನು ಉಳಿಸುವ ಮೂತಿ

“ಈಗಿನ ಕಾರುಗಳು ಬರೀ ತಗಡು, ಹಳೆಯ ಕಾರುಗಳೇ ಗಟ್ಟಿ” ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಇದು ತಪ್ಪು ತಿಳಿವಳಿಕೆ. ಬಹುಕಾಲ ಎಂಜಿನಿಯರುಗಳೂ ಹಾಗೆಯೇ ನಂಬಿದ್ದರು. ಆ ನಂಬಿಕೆಯನ್ನು ತಲೆಕೆಳಗು ಮಾಡಿದವನು ಆಸ್ಟ್ರಿಯಾದಲ್ಲಿ 1907ರಲ್ಲಿ ಹುಟ್ಟಿದ ಬೇಲಾ ಬಾರೆನಿ. ಮರ್ಸಿಡಿಸ್ ಕಾರುಗಳನ್ನು ತಯಾರಿಸುವ ಡೈಮ್ಲರ್-ಬೆಂಜ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಈತ 1951ರಲ್ಲಿ ಒಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದ. ಆತನ ವಾದ ಸರಳವಾಗಿತ್ತು. ಕಾರಿನ ನಡುವಿನ ಕೋಣೆ, ಎಂದರೆ ಜನ ಕುಳಿತುಕೊಳ್ಳುವ ಭಾಗ, ಪೆಟ್ಟಿಗೆಯಂತೆ ಗಟ್ಟಿಯಾಗಿರಬೇಕು. ಮುಂದಿನ ಮತ್ತು ಹಿಂದಿನ ಭಾಗಗಳು ಬೇಕೆಂದೇ ಮೆದುವಾಗಿರಬೇಕು. ಢಿಕ್ಕಿಯಾದಾಗ ಆ ಭಾಗಗಳು ಮುದುಡಿ ಪೆಟ್ಟಿನ ಶಕ್ತಿಯನ್ನು ನುಂಗಿಕೊಳ್ಳಬೇಕು. 1959ರಲ್ಲಿ ಈ ತತ್ತ್ವದ ಮೇಲೆ ಕಟ್ಟಿದ ಕಾರು ಮಾರುಕಟ್ಟೆಗೆ ಬಂತು. ಇಂದು ಪ್ರಪಂಚದ ಕಾರುಗಳೆಲ್ಲ ಈ ದಾರಿಯನ್ನೇ ಹಿಡಿದಿವೆ.

50 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿ 60 ಸೆಂಟಿಮೀಟರ್ ಮುದುಡಿತು ಎಂದುಕೊಳ್ಳೋಣ. ಬೆಲ್ಟಿನಿಂದ ಕಾರಿಗೆ ಬಿಗಿದುಕೊಂಡು ಕುಳಿತವನ ಮೇಲೆ ಸರಾಸರಿಯಾಗಿ ಅವನ ತೂಕದ ಹದಿನಾರು ಪಟ್ಟು ಬಲ ಬೀಳುತ್ತದೆ. ಇದು ಹೆಚ್ಚೇ, ಆದರೂ ಆರೋಗ್ಯವಂತ ಶರೀರ ತಾಳಿಕೊಳ್ಳಬಲ್ಲದು. ಬೆಲ್ಟ್ ಇಲ್ಲದವನು ನಿಂತುಹೋದ ಕಾರಿನ ಡ್ಯಾಶ್‌ಬೋರ್ಡಿಗೆ ಬಡಿದು ಐದೇ ಸೆಂಟಿಮೀಟರಿನಲ್ಲಿ ನಿಂತರೆ ಬಲವು ಸುಮಾರು ಇನ್ನೂರು ಪಟ್ಟಾಗುತ್ತದೆ. ಅದನ್ನು ತಾಳುವ ಎಲುಬು ಯಾರಿಗೂ ಇಲ್ಲ.

ಸ್ಟಿಯರಿಂಗ್ ದಂಡದ ಕಥೆಯೂ ಇಂಥದೇ. ಹಳೆಯ ಕಾರುಗಳಲ್ಲಿ ಅದೊಂದು ಅಖಂಡ ಉಕ್ಕಿನ ಸರಳು. ಎದುರಿನಿಂದ ಢಿಕ್ಕಿಯಾದರೆ ಈಟಿಯಂತೆ ಹಿಂದೆ ಸರಿದು ಚಾಲಕನ ಎದೆಗೂಡನ್ನೇ ಹೊಗುತ್ತಿತ್ತು. 1967ರ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ಪೆಟ್ಟು ಬಿದ್ದರೆ ತನ್ನೊಳಗೆ ತಾನೇ ಕುಗ್ಗುವ ದಂಡ ಬಂತು. ಮರುವರ್ಷ ಅಲ್ಲಿ ಅದು ಕಡ್ಡಾಯವಾಯಿತು. ಇಂದು ನಮ್ಮ ಕೈಯಲ್ಲಿರುವ ಚಕ್ರದ ಹಿಂದೆ ಅಂಥದೇ ದಂಡ ಅಡಗಿದೆ.

ಇಂಥ ವ್ಯವಸ್ಥೆಯನ್ನು ನಾವು ಹೇಗೆ ಕೆಡಿಸುತ್ತೇವೆ ನೋಡಿ. ಕಾರಿನ ಅಂದಕ್ಕೆಂದೋ ಬಂಪರಿನ ರಕ್ಷಣೆಗೆಂದೋ ಮುಂದೆ ದಪ್ಪ ಕಬ್ಬಿಣದ ಕೊಳವೆಗಳ ಗಾರ್ಡ್ ಹಾಕಿಸುತ್ತೇವೆ. ಅದು ಮುದುಡಬೇಕಾದ ಭಾಗವನ್ನು ಮುದುಡಗೊಡುವುದಿಲ್ಲ. ಏರ್‌ಬ್ಯಾಗಿಗೆ ಸುದ್ದಿ ಮುಟ್ಟಿಸುವ ಸಂವೇದಕಗಳನ್ನೂ ದಾರಿ ತಪ್ಪಿಸಬಹುದು. ಅಡ್ಡಬಂದ ಪಾದಚಾರಿಗಂತೂ ಯಮದಂಡವೇ ಸರಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಚಿವಾಲಯವು ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಬಂಪರು ಮುರಿದರೆ ಹೊಸದು ಸಿಗುತ್ತದೆ ಎಂಬುದನ್ನು ನೆನಪಿಡೋಣ.

ಮೂರು ಬಿಂದುಗಳ ಪಟ್ಟಿ

ಇಂದಿನ ಸೀಟ್ ಬೆಲ್ಟನ್ನು ರೂಪಿಸಿದವನು ಸ್ವೀಡನ್ನಿನ ನಿಲ್ಸ್ ಬೋಲಿನ್. ಯುದ್ಧವಿಮಾನಗಳಿಂದ ಚಾಲಕನನ್ನು ಆಸನಸಹಿತ ಹೊರಗೆ ಚಿಮ್ಮಿಸುವ ಯಂತ್ರಗಳ ಮೇಲೆ ಕೆಲಸ ಮಾಡಿದ್ದ ಈತ 1958ರಲ್ಲಿ ವೋಲ್ವೊ ಕಾರು ಸಂಸ್ಥೆಯನ್ನು ಸೇರಿದ. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಪಟ್ಟಿಗಳಲ್ಲಿ ಹೆಚ್ಚಿನವು ಹೊಟ್ಟೆಯನ್ನಷ್ಟೇ ಸುತ್ತುತ್ತಿದ್ದವು. ಢಿಕ್ಕಿಯಾದಾಗ ಮೈ ಮಡಚಿ ಕರುಳಿಗೂ ಬೆನ್ನುಹುರಿಗೂ ಅಪಾಯವಾಗುತ್ತಿತ್ತು. ಬೋಲಿನ್ ಸೊಂಟದ ಪಟ್ಟಿಯನ್ನೂ ಭುಜದ ಪಟ್ಟಿಯನ್ನೂ ಒಂದೇ ಎಳೆಯಲ್ಲಿ ಜೋಡಿಸಿ, ಒಂದೇ ಕೈಯಿಂದ ಹಾಕಿಕೊಳ್ಳುವಂತೆ ಮಾಡಿದ. 1959ರಲ್ಲಿ ಅದು ಕಾರುಗಳಲ್ಲಿ ಬಂತು. ಪೇಟೆಂಟ್ ತನ್ನದಾಗಿದ್ದರೂ ಆ ಸಂಸ್ಥೆ ಅದನ್ನು ಬೇರೆ ತಯಾರಕರು ಮುಕ್ತವಾಗಿ ಬಳಸಲು ಬಿಟ್ಟುಕೊಟ್ಟಿತು. ಲಾಭಕ್ಕಿಂತ ಜೀವ ದೊಡ್ಡದೆಂದು ವ್ಯಾಪಾರಿಯೊಬ್ಬ ಒಪ್ಪಿಕೊಂಡ ಅಪರೂಪದ ಪ್ರಸಂಗವಿದು.

ಈ ಪಟ್ಟಿಯಲ್ಲಿ ಅಡಗಿದ ಜಾಣ್ಮೆಯನ್ನು ನೀವೇ ಪರೀಕ್ಷಿಸಬಹುದು. ನಿಧಾನವಾಗಿ ಎಳೆದರೆ ಅದು ಸಲೀಸಾಗಿ ಬರುತ್ತದೆ. ಫಕ್ಕನೆ ಜಗ್ಗಿದರೆ ಕಚ್ಚಿ ನಿಲ್ಲುತ್ತದೆ. ಪಟ್ಟಿ ಸುತ್ತಿಕೊಳ್ಳುವ ಡಬ್ಬಿಯೊಳಗೆ ಪುಟ್ಟ ಗುಂಡೋ ಲೋಲಕವೋ ಇರುತ್ತದೆ. ಕಾರಿನ ವೇಗ ಥಟ್ಟನೆ ಕುಗ್ಗಿದಾಗ ಅದು ವಾಲಿ ಹಲ್ಲುಗಾಲಿಯನ್ನು ತಡೆಯುತ್ತದೆ. ಇಂದಿನ ಹಲವು ಕಾರುಗಳಲ್ಲಿ ಇನ್ನೊಂದು ಹೆಜ್ಜೆಯೂ ಇದೆ: ಢಿಕ್ಕಿಯ ಕ್ಷಣದಲ್ಲಿ ಅತಿ ಸಣ್ಣದೊಂದು ಸಿಡಿಮದ್ದು ಸಿಡಿದು ಪಟ್ಟಿಯ ಸಡಿಲನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬಳಿಕ ಎದೆಗೂಡು ಮುರಿಯದಿರಲೆಂದು ಪಟ್ಟಿಯನ್ನು ಅಳತೆಗೆ ತಕ್ಕಂತೆ ತುಸು ಸಡಿಲಿಸುವ ಏರ್ಪಾಡೂ ಉಂಟು. ಒಮ್ಮೆ ದೊಡ್ಡ ಅಪಘಾತವನ್ನು ಕಂಡ ಪಟ್ಟಿಯನ್ನು ಆದುದರಿಂದಲೇ ಬದಲಿಸಬೇಕು.

ಪಟ್ಟಿಯನ್ನು ಹಾಕಿಕೊಳ್ಳುವ ಕ್ರಮವೂ ಮುಖ್ಯ. ಕೆಳಗಿನ ಭಾಗ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಮೇಲಿನ ಭಾಗ ಕುತ್ತಿಗೆಯನ್ನು ಉಜ್ಜದೆ, ಕಂಕುಳಡಿಗೂ ಹೋಗದೆ, ಹೆಗಲೆಲುಬನ್ನೂ ಎದೆಯ ನಡುವನ್ನೂ ಹಾಯಬೇಕು. ಇದಕ್ಕೆಂದೇ ಬಾಗಿಲ ಪಕ್ಕದ ಕಂಬದಲ್ಲಿ ಮೇಲೆ ಕೆಳಗೆ ಸರಿಸುವ ಗುಂಡಿಯನ್ನು ಹಲವು ಕಾರುಗಳಲ್ಲಿ ಇಟ್ಟಿದ್ದಾರೆ. ಎತ್ತರ ಕಡಿಮೆಯಿರುವ ಹೆಂಗಸರು ಅದನ್ನು ಒಮ್ಮೆ ಹುಡುಕಿ ನೋಡಬೇಕು. ಗರ್ಭಿಣಿಯರು ಬೆಲ್ಟ್ ಬಿಡಬಾರದು. ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ ತೊಡೆಗಳ ಸಂದಿಗೆ ಹೊಂದಿಸಿ, ಮೇಲ್ಪಟ್ಟಿಯನ್ನು ಸ್ತನಗಳ ನಡುವೆ ಹಾಯಿಸಿ ಹೊಟ್ಟೆಯ ಪಕ್ಕದಿಂದ ಇಳಿಸಬೇಕು. ವಯಸ್ಸಾದವರ ಎಲುಬುಗಳು ಸವೆದಿರುವುದರಿಂದ ಅವರಿಗಂತೂ ಪಟ್ಟಿ ಇನ್ನೂ ಅಗತ್ಯ.

ಹಿಂದಿನ ಆಸನದವರಿಗೆ ಬೇಡವೆಂಬುದೇ ನಮ್ಮ ಜನರ ಬಲವಾದ ನಂಬಿಕೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತ ಮುಂಬಯಿಯವರಿಗೆಲ್ಲ ನೆನಪಿರಬಹುದು. ಉದ್ಯಮಿ ಸೈರಸ್ ಮಿಸ್ತ್ರಿಯವರು ಮತ್ತು ಅವರ ಜೊತೆ ಹಿಂದಿನ ಆಸನದಲ್ಲಿದ್ದ ಇನ್ನೊಬ್ಬರು ತೀರಿಕೊಂಡರು. ಮುಂದೆ ಕುಳಿತಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕುಳಿದರು. ಹಿಂದಿದ್ದವರು ಬೆಲ್ಟ್ ಹಾಕಿರಲಿಲ್ಲವೆಂದು ಪೋಲೀಸರು ತಿಳಿಸಿದರು. ಕಾರು ಬೆಲೆಬಾಳುವಂಥದೇ. ಆದರೆ ಕಟ್ಟಿಕೊಳ್ಳದ ಪಟ್ಟಿ ಯಾವ ಕಾರಿನಲ್ಲಿದ್ದರೂ ಒಂದೇ. ಅದೇ ವರ್ಷ ದೇಶದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಜನ. ಅವರಲ್ಲಿ ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಹಿಂದೆ ಕುಳಿತವರು ತಮಗಷ್ಟೇ ಅಲ್ಲ, ಮುಂದಿನವರಿಗೂ ಅಪಾಯ ತರುತ್ತಾರೆ. 60 ಕಿಲೋ ತೂಕದ ಮನುಷ್ಯ ಬಲವಾದ ಢಿಕ್ಕಿಯಲ್ಲಿ ಸುಮಾರು ಒಂದು ಟನ್ ಭಾರದಂತೆ ಮುಂದಿನ ಆಸನದ ಬೆನ್ನಿಗೆ ಬಡಿಯುತ್ತಾನೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಬೆಲ್ಟ್ ಧರಿಸದಿದ್ದರೆ ಸಾವಿರ ರೂಪಾಯಿ ದಂಡವುಂಟು. ದಂಡದ ಭಯಕ್ಕಾಗಿ ಬೆಲ್ಟನ್ನು ಬೆನ್ನ ಹಿಂದಿನಿಂದ ಹಾಯಿಸಿ ಕೊಂಡಿಗೆ ಸಿಕ್ಕಿಸುವವರನ್ನೂ, ಎಚ್ಚರಿಕೆಯ ಸದ್ದನ್ನು ಅಡಗಿಸಲು ಖಾಲಿ ಕ್ಲಿಪ್ಪನ್ನು ಕೊಂಡು ತೂರಿಸುವವರನ್ನೂ ಕಂಡಿದ್ದೇನೆ. ಅಂಥ ಕ್ಲಿಪ್ಪುಗಳ ಮಾರಾಟದ ವಿರುದ್ಧ 2023ರಲ್ಲಿ ಸರಕಾರವೇ ಆಜ್ಞೆ ಹೊರಡಿಸಬೇಕಾಯಿತು. ಜ್ವರ ಬಂದಾಗ ಥರ್ಮಾಮೀಟರನ್ನು ಒಡೆದು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ತಂದೆಯ ಕೈಯಿಂದ ಹುಟ್ಟಿದ ಗಾಳಿಚೀಲ

1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಎಂಬ ಎಂಜಿನಿಯರ್ ಹೆಂಡತಿ ಮತ್ತು ಚಿಕ್ಕ ಮಗಳೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ ಹಠಾತ್ತನೆ ಬ್ರೇಕ್ ಹಾಕಬೇಕಾಯಿತು. ಮಗು ಮುಂದೆ ಬೀಳದಿರಲೆಂದು ಗಂಡಹೆಂಡಿರಿಬ್ಬರೂ ತಾವರಿಯದೆಯೇ ಕೈ ಅಡ್ಡ ಚಾಚಿದರು. ಆ ಕೈಯ ಕೆಲಸವನ್ನು ಬೇರೊಂದು ವಸ್ತು ಮಾಡಲಾರದೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. 1953ರಲ್ಲಿ ಗಾಳಿಯಿಂದ ಉಬ್ಬುವ ಮೆತ್ತೆಗೆ ಆತ ಪೇಟೆಂಟ್ ಪಡೆದ. ಇಂದಿನ ಏರ್‌ಬ್ಯಾಗಿನ ಮೂಲಪುರುಷರಲ್ಲಿ ಆತನೂ ಒಬ್ಬ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಚಾಲಕನ ಮುಂದೆಯೂ, 2022ರ ಹೊತ್ತಿಗೆ ಪಕ್ಕದ ಆಸನದ ಮುಂದೆಯೂ ಹೊಸ ಕಾರುಗಳಲ್ಲಿ ಇದು ಕಡ್ಡಾಯವಾಗಿದೆ.

ಏರ್‌ಬ್ಯಾಗ್ ಉಬ್ಬಲು ಹಿಡಿಯುವ ಕಾಲ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಪಾಲು ಮಾತ್ರ. ಅಷ್ಟು ರಭಸವಿರುವುದರಿಂದಲೇ ಅದು ಬೆಲ್ಟಿಗೆ ಬದಲಿಯಲ್ಲ, ಪೂರಕ. ಬೆಲ್ಟ್ ಇಲ್ಲದೆ ಮುಂದೆ ಜಾರಿದವನಿಗೆ ಉಬ್ಬುತ್ತಿರುವ ಚೀಲವೇ ಗುದ್ದಾಗಿ ಪರಿಣಮಿಸುತ್ತದೆ. ಎದೆಗೂ ಸ್ಟಿಯರಿಂಗ್ ಚಕ್ರದ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ. ಇನ್ನೊಂದು ಮಾತು. ನಾವು ಭಕ್ತಿಯಿಂದ ಗಣಪತಿಯ ಮೂರ್ತಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸುತ್ತೇವೆ. ಪಕ್ಕದ ಆಸನದ ಏರ್‌ಬ್ಯಾಗಿನ ಮುಚ್ಚಳ ಅನೇಕ ವೇಳೆ ಅಲ್ಲಿಯೇ ಇರುತ್ತದೆ. ಅದು ತೆರೆದಾಗ ಮೂರ್ತಿ ಕಲ್ಲಿನಂತೆ ಸಿಡಿಯುತ್ತದೆ. ವಿಘ್ನನಿವಾರಕನಿಗೆ ಬೇರೊಂದು ಸ್ಥಳವನ್ನು ಹುಡುಕುವುದು ಲೇಸು. ಆಸನದ ಪಕ್ಕದಲ್ಲಿಯೇ ಏರ್‌ಬ್ಯಾಗ್ ಇರುವ ಕಾರುಗಳಿಗೆ ದಪ್ಪ ಸೀಟ್ ಕವರ್ ಹಾಕಿಸಿದರೆ ಚೀಲ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಕವರ್ ಬೇಕೇ ಬೇಕೆಂದಾದರೆ ಅದಕ್ಕೆ ಅನುವಾಗಿ ಹೊಲಿದದ್ದನ್ನೇ ಆರಿಸಬೇಕು.

ಮಡಿಲು ಭದ್ರವಲ್ಲ

ಮಗುವಿಗೆ ತಾಯಿಯ ಮಡಿಲಿಗಿಂತ ಭದ್ರವಾದ ಸ್ಥಳವಿಲ್ಲ ಎಂಬ ಮಾತು ಮನೆಯಲ್ಲಿ ನಿಜ, ಕಾರಿನಲ್ಲಿ ಸುಳ್ಳು. ಮೇಲೆ ಹೇಳಿದ ಢಿಕ್ಕಿಯಲ್ಲಿ 10 ಕಿಲೋ ತೂಕದ ಮಗು ಸುಮಾರು 160 ಕಿಲೋ ಭಾರದಂತೆ ಮುಂದೆ ಎಳೆಯಲ್ಪಡುತ್ತದೆ. ಅಷ್ಟನ್ನು ಹಿಡಿದು ನಿಲ್ಲಿಸುವ ತೋಳು ಯಾವ ತಾಯಿಗೂ ಇಲ್ಲ. ಇಂದಿನ ಕಾರುಗಳ ಹಿಂದಿನ ಆಸನದ ಸಂದಿಯಲ್ಲಿ ಬೆರಳಾಡಿಸಿದರೆ ಎರಡು ಉಕ್ಕಿನ ಬಳೆಗಳು ಕೈಗೆ ತಾಗುತ್ತವೆ. ಮಕ್ಕಳ ಆಸನವನ್ನು ಕಾರಿನ ಚೌಕಟ್ಟಿಗೇ ಬಿಗಿಯಲೆಂದು ಇಟ್ಟ ‘ಐಸೋಫಿಕ್ಸ್’ ಕೊಂಡಿಗಳು ಅವು. ಕೂಸಿನ ತಲೆ ಭಾರ, ಕುತ್ತಿಗೆ ಎಳೆಯದು. ಆದುದರಿಂದ ಕೂಸುಗಳ ಆಸನ ಕಾರಿನ ಹಿಂಬದಿಗೆ ಮುಖ ಮಾಡಿರಬೇಕು. ಏರ್‌ಬ್ಯಾಗ್ ಜಾಗೃತವಾಗಿರುವ ಮುಂದಿನ ಆಸನದಲ್ಲಿ ಅಂಥದನ್ನು ಎಂದಿಗೂ ಇಡಬಾರದು. ಹಿಂದಿನ ಬಾಗಿಲ ಅಂಚಿನಲ್ಲಿ ಸಣ್ಣದೊಂದು ಕೀಲಿಯೂ ಇದೆ. ಅದನ್ನು ತಿರುಗಿಸಿದರೆ ಬಾಗಿಲು ಒಳಗಿನಿಂದ ತೆರೆಯದು, ಹೊರಗಿನಿಂದ ತೆರೆಯುತ್ತದೆ. ಮಕ್ಕಳಿದ್ದಾಗ ಹಾಕಿ, ಹಿರಿಯರು ಕುಳಿತಾಗ ಮರೆಯದೆ ತೆಗೆಯಿರಿ.

ತಲೆಯ ಹಿಂದಿನ ದಿಂಬು ಮತ್ತು ಗಾಜಿನ ಗುಟ್ಟು

ಆಸನದ ಮೇಲಿರುವ ಹೆಡ್‌ರೆಸ್ಟ್ ನಿದ್ದೆ ಮಾಡಲು ಇಟ್ಟ ದಿಂಬಲ್ಲ. ಹಿಂದಿನಿಂದ ವಾಹನ ಗುದ್ದಿದಾಗ ಮೈ ಆಸನದೊಡನೆ ಮುಂದೆ ಸರಿಯುತ್ತದೆ, ತಲೆ ಹಿಂದೆ ಉಳಿಯುತ್ತದೆ. ಕುತ್ತಿಗೆ ಚಾಟಿಯಂತೆ ಬಳುಕುತ್ತದೆ. ಟ್ರಾಫಿಕ್ಕಿನಲ್ಲಿ ಆದ ಚಿಕ್ಕ ಗುದ್ದಿನ ಬಳಿಕವೂ ತಿಂಗಳುಗಟ್ಟಲೆ ಕುತ್ತಿಗೆನೋವು ಕಾಡುವುದು ಇದರಿಂದ. ದಿಂಬಿನ ಮೇಲಂಚು ನಿಮ್ಮ ನೆತ್ತಿಯ ಮಟ್ಟಕ್ಕೆ, ಕನಿಷ್ಠ ಪಕ್ಷ ಕಿವಿಯ ಮೇಲ್ಭಾಗಕ್ಕಿಂತ ಎತ್ತರಕ್ಕೆ ಇರಬೇಕು. ತಲೆಗೆ ಆದಷ್ಟು ಸಮೀಪವಿರಬೇಕು. ಕಾರು ಕೊಂಡ ದಿನ ಕೆಳಗಿದ್ದುದನ್ನು ಮೇಲೆತ್ತದೆಯೇ ವರ್ಷಗಟ್ಟಲೆ ಓಡಿಸುವವರೇ ನಮ್ಮಲ್ಲಿ ಹೆಚ್ಚು.

ಈ ದಿಂಬಿನ ಉಕ್ಕಿನ ಕಡ್ಡಿಗಳನ್ನು ಕಿಟಕಿಯ ಗಾಜು ಒಡೆಯಲೆಂದೇ ಮಾಡಿದ್ದಾರೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿದೆ. ಅದು ನಿಜವಲ್ಲ. ಕಡ್ಡಿಗಳಿರುವುದು ಎತ್ತರ ಸರಿಪಡಿಸಲಿಕ್ಕಾಗಿ. ಗಾಜು ಒಡೆಯುವ ಸಾಧನ ಬೇರೆಯೇ ಇರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಂಬಯಿಯಲ್ಲಿ ಕಾರಿನೊಳಗೇ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತವರಿದ್ದರು. ಹೊರಗೆ ನೀರಿನ ಒತ್ತಡ, ಒಳಗೆ ವಿದ್ಯುತ್ತಿನಿಂದ ಚಲಿಸುವ ಕಿಟಕಿಗಳ ನಿಷ್ಕ್ರಿಯತೆ. ಆ ಬಳಿಕ ಮುಂಬಯಿಯಲ್ಲಿ ಕಾರಿನೊಳಗೆ ಸಣ್ಣ ಸುತ್ತಿಗೆ ಇಟ್ಟುಕೊಳ್ಳುವ ಪಾಠವನ್ನು ಅನೇಕರು ಕಲಿತರು.

ಸುತ್ತಿಗೆಯನ್ನು ಎಲ್ಲಿಗೆ ಹೊಡೆಯಬೇಕೆಂಬುದು ಗಾಜಿನ ಗುಟ್ಟನ್ನು ಅರಿತವರಿಗೆ ತಿಳಿಯುತ್ತದೆ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತೂಸ್ ಎಂಬಾತನ ಪ್ರಯೋಗಶಾಲೆಯಲ್ಲಿ ಗಾಜಿನ ಪಾತ್ರೆಯೊಂದು ಕೆಳಗೆ ಬಿತ್ತು. ಬಿರುಕು ಬಿಟ್ಟಿತೇ ಹೊರತು ಚೂರಾಗಿ ಚದುರಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪದರ ಚೂರುಗಳನ್ನು ಹಿಡಿದಿತ್ತು. ಇದರಿಂದ ಹೊಳೆದದ್ದೇ ಎರಡು ಗಾಜುಗಳ ನಡುವೆ ಪದರವಿಟ್ಟು ಬೆಸೆಯುವ ಉಪಾಯ. 1909ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಇಂದಿನ ಮುಂಗಾಜು ಅಂಥದು: ಒಡೆದರೂ ಮುಖಕ್ಕೆ ಚುಚ್ಚುವುದಿಲ್ಲ, ಸುಲಭವಾಗಿ ತೂತಾಗುವುದೂ ಇಲ್ಲ. ಪಕ್ಕದ ಕಿಟಕಿಯ ಗಾಜು ಸಾಮಾನ್ಯವಾಗಿ ಕಾಯಿಸಿ ಥಟ್ಟನೆ ತಣಿಸಿದ ಬೇರೆ ಜಾತಿಯದು; ಒಡೆದರೆ ಮೊಂಡಾದ ಸಣ್ಣ ಹರಳುಗಳಾಗಿ ಉದುರುತ್ತದೆ. ಆದುದರಿಂದ ಆಪತ್ತಿನಲ್ಲಿ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಪಕ್ಕಕ್ಕೂ ಪದರದ ಗಾಜು ಇರುವುದುಂಟು. ನಿಮ್ಮ ಕಾರಿನದು ಯಾವುದೆಂದು ಗಾಜಿನ ಮೂಲೆಯ ಬರಹದಿಂದಲೋ ಕೈಪಿಡಿಯಿಂದಲೋ ಈಗಲೇ ತಿಳಿದಿಡಿ. ಮುಂಗಾಜಿನ ಅಂಚಿನ ಕಪ್ಪು ಪಟ್ಟಿ ಮತ್ತು ಚುಕ್ಕೆಗಳು ಕೂಡ ಬರಿಯ ಅಲಂಕಾರವಲ್ಲ. ಗಾಜನ್ನು ಹಿಡಿದಿರುವ ಅಂಟು ಬಿಸಿಲಿಗೆ ಸಾಯದಂತೆ ಅವು ಕಾಯುತ್ತವೆ.

ಸಣ್ಣವೆನಿಸಿದರೂ ಸಣ್ಣವಲ್ಲ

ಒಳಗಿನ ಕನ್ನಡಿಯ ಕೆಳಗೆ ಪುಟ್ಟ ಸನ್ನೆಯೊಂದಿದ್ದರೆ ರಾತ್ರಿ ಅದನ್ನು ಒತ್ತಿ ನೋಡಿ. ಕನ್ನಡಿಯ ಗಾಜು ಬೆಣೆಯಂತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಸನ್ನೆ ಒತ್ತಿದಾಗ ಬೆಳ್ಳಿಯ ಲೇಪದ ಬದಲು ಬರಿಯ ಗಾಜಿನ ಮೇಲ್ಮೈಯಿಂದ ಮಂದವಾದ ಪ್ರತಿಬಿಂಬ ಬರುತ್ತದೆ. ಹಿಂದಿನ ಲಾರಿಯ ಬೆಳಕು ಕಣ್ಣು ಕುಕ್ಕುವುದಿಲ್ಲ. ಹಿಂದಿನ ಗಾಜಿನ ನಡುವೆ ಎತ್ತರದಲ್ಲಿರುವ ಮೂರನೆಯ ಬ್ರೇಕ್ ದೀಪ 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಮೇಲೆ ಜಾನ್ ವೋಯೆವೋಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ನಡೆಸಿದ ಪ್ರಯೋಗದ ಫಲ. 1986ರ ಮಾದರಿಗಳಿಂದ ಅಮೆರಿಕದ ಕಾರುಗಳಿಗೆ ಅದು ಕಡ್ಡಾಯವಾಯಿತು.

ಟಯರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡದಿಬ್ಬಗಳಿವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರು ಸವೆದು ದಿಬ್ಬದ ಮಟ್ಟಕ್ಕೆ ಬಂದಿತೆಂದರೆ ಅದರ ಆಯುಷ್ಯ ಮುಗಿಯಿತು. ಮಳೆಯಲ್ಲಿ ಅದು ರಸ್ತೆಯನ್ನು ಹಿಡಿಯಲಾರದು. ಪಕ್ಕದಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು ಎಂದರ್ಥ.

ಗಾಳಿಯನ್ನು ಒಳಗೇ ತಿರುಗಿಸುವ ಗುಂಡಿ ಹೊಗೆ ತುಂಬಿದ ಘಟ್ಟದಲ್ಲಿ ಉಪಕಾರಿ. ಆದರೆ ತಾಸುಗಟ್ಟಲೆ ಹಾಗೆಯೇ ಬಿಟ್ಟರೆ ನಾಲ್ಕೈದು ಜನರ ಉಸಿರಿನ ಇಂಗಾಲಾಮ್ಲ ಒಳಗೇ ಹೆಚ್ಚಿ ತಲೆ ಭಾರವಾಗುತ್ತದೆ, ಚಾಲಕನಿಗೆ ತೂಕಡಿಕೆ ಬರುತ್ತದೆ. ಆಗಾಗ ಹೊರಗಾಳಿಯನ್ನು ಬಿಡಬೇಕು. 2019ರ ಜುಲೈ ಬಳಿಕ ತಯಾರಾದ ಕಾರುಗಳು 80 ಕಿಲೋಮೀಟರ್ ವೇಗ ಮೀರಿದರೆ ಸದ್ದು ಮಾಡುತ್ತವೆ. ಅದು ಕಿರಿಕಿರಿಯಲ್ಲ; ನೀವು ಎಷ್ಟನೆಯ ಮಹಡಿಗೆ ಏರಿದ್ದೀರಿ ಎಂಬುದರ ನೆನಪು.

ಹೊರಡುವ ಮುನ್ನ ಐದು ನಿಮಿಷ

1. ಪ್ರತಿಯೊಂದು ಆಸನದ ಬೆಲ್ಟ್, ಕೊಂಡಿ ಎರಡೂ ಕೈಗೆ ಸಿಗುತ್ತವೆಯೇ? ಫಕ್ಕನೆ ಜಗ್ಗಿದಾಗ ಕಚ್ಚುತ್ತವೆಯೇ?

2. ಪ್ರತಿಯೊಬ್ಬರ ಹೆಡ್‌ರೆಸ್ಟ್ ಅವರವರ ತಲೆಯ ಮಟ್ಟಕ್ಕೆ ಇದೆಯೇ?

3. ಮಕ್ಕಳು ಹಿಂದಿನ ಆಸನದಲ್ಲಿ, ತಮ್ಮ ಆಸನಕ್ಕೆ ಬಿಗಿದುಕೊಂಡು ಕುಳಿತಿದ್ದಾರೆಯೇ?

4. ಹಿಂದಿನ ಗಾಜಿನ ಬಳಿಯ ಹಲಗೆಯ ಮೇಲೆ ತೆಂಗಿನಕಾಯಿ, ಸ್ಟೀಲ್ ಡಬ್ಬಿ ಮುಂತಾದ ಭಾರದ ವಸ್ತುಗಳಿಲ್ಲವಷ್ಟೆ? ಢಿಕ್ಕಿಯಲ್ಲಿ ಅವು ಗುಂಡುಗಳಾಗುತ್ತವೆ. ಅವುಗಳ ಸ್ಥಳ ಡಿಕ್ಕಿಯ ತಳ.

5. ಟಯರಿನ ದಿಬ್ಬಗಳನ್ನು ನೋಡಿದಿರಾ? ಗಾಳಿಯ ಒತ್ತಡ ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಚೀಟಿ ಅಂಟಿಸಿರುತ್ತಾರೆ.

6. ಸುತ್ತಿಗೆ ಚಾಲಕನ ಕೈಗೆಟಕುವಲ್ಲಿದೆಯೇ?

ಈ ಕಾವಲುಗಾರರು ಸಂಬಳ ಕೇಳುವುದಿಲ್ಲ, ಪೆಟ್ರೋಲ್ ಕುಡಿಯುವುದಿಲ್ಲ. ತಮ್ಮ ಕೆಲಸಕ್ಕೆ ನಾವು ಅಡ್ಡಿ ಬಾರದಿರಲಿ ಎಂಬುದಷ್ಟೇ ಅವರ ಬೇಡಿಕೆ. ಆ ಅಪಘಾತದ ಮರುವಾರವೇ ನನ್ನ ಕಾರಿನ ದಪ್ಪ ಕವರುಗಳನ್ನು ಕಿತ್ತು ಹಾಕಿದೆ. ಆಸನಗಳ ಮೇಲೆ ಈಗ ಚಹದ ಕಲೆಗಳಿವೆ, ಮೊಮ್ಮಗನ ಬಿಸ್ಕತ್ತಿನ ಪುಡಿಯಿದೆ, ಇರಲಿ. ಅಕ್ಕ ಈಗ ಪುಣೆಗೆ ಬಂದಾಗಲೆಲ್ಲ ಕಾರಿನಲ್ಲಿ ಕೂತ ಕೂಡಲೇ ಎಡಗೈಯಿಂದ ಪಟ್ಟಿಯನ್ನು ಎಳೆದುಕೊಳ್ಳುತ್ತಾಳೆ. ಕೊಂಡಿಗೆ ಸೇರಿಸುವಷ್ಟು ಬಲ ಬಲಗೈಗೆ ಇಲ್ಲ. ಆ ಕೆಲಸವನ್ನು ನಾನು ಮಾಡುತ್ತೇನೆ. ಬಳಿಕವೇ ಕಾರು ಹೊರಡುತ್ತದೆ.